ಗಡ್ಡೆ ಹೋಗಿ ಹತ್ತು ವರ್ಷ ಆಯ್ತು, ಓದು ಯಾಕೆ ತಲೆಗೆ ಹತ್ತಲ್ಲ?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದೀನಿ.)

ಹುಡುಗನಿಗೆ 18. ಏಳನೇ ವಯಸ್ಸಲ್ಲಿ ಕಿರುಮೆದುಳಲ್ಲಿ ಮೆಡುಲ್ಲೋಬ್ಲಾಸ್ಟೋಮಾ ಅನ್ನೋ ಕ್ಯಾನ್ಸರ್ ಗಡ್ಡೆ, ಸರ್ಜರಿ ಆಯ್ತು, ಆಮೇಲೆ ತಲೆಗೂ ಬೆನ್ನುಹುರಿಗೂ ರೇಡಿಯೇಷನ್, ಕೀಮೋ. ಈಗ ಸ್ಕ್ಯಾನ್ ಎಲ್ಲ ಕ್ಲಿಯರ್. ಅಮ್ಮ ಕರ್ಕೊಂಡು ಬಂದಿದ್ದು, "ಮೇಡಂ, ಇವನು ಸೋಂಬೇರಿ ಆಗ್ಬಿಟ್ಟಿದಾನೆ, ಒಂದು ಪುಟ ಬರೆಯೋಕೆ ಒಂದು ಗಂಟೆ, ಸಂಜೆ ಆದ್ರೆ ಮಲಗಿಬಿಡ್ತಾನೆ, ಫ್ರೆಂಡ್ಸ್ ಅಂತ ಒಬ್ರೂ ಇಲ್ಲ" ಅಂತ.

ಅವನನ್ನ ಏನು ಕೇಳಿದ್ರೂ ಉತ್ತರ ಕೊಡ್ತಿದ್ದಿದ್ದು ಅಮ್ಮನೇ. ಅವರನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಪ್ರಶ್ನೆ ಕೇಳಿ ಸುಮ್ನಿದ್ದೆ. ಉತ್ತರ ಬಂತು, ತಡವಾಗಿ, ಆದ್ರೆ ಸರಿಯಾಗೇ. "ನಾನು ಯೋಚನೆ ಮಾಡಿ ಬಾಯಿ ತೆಗೆಯೋ ಅಷ್ಟ್ರಲ್ಲಿ ಎಲ್ರೂ ಬೇರೆ ವಿಷಯಕ್ಕೆ ಹೋಗಿರ್ತಾರೆ, ಅದಕ್ಕೇ ಮಾತಾಡೋದೇ ಬಿಟ್ಟೆ" ಅಂದ.

ಅಮ್ಮನಿಗೆ ಹೇಳಿದ್ದು ಇದು. ಚಿಕ್ಕ ವಯಸ್ಸಲ್ಲಿ ತಲೆಗೆ ರೇಡಿಯೇಷನ್ ಬಿದ್ರೆ ಮೆದುಳಿನ ಭಾಗಗಳನ್ನ ಜೋಡಿಸೋ ನರತಂತುಗಳ ಬೆಳವಣಿಗೆಗೆ ಪೆಟ್ಟು ಬೀಳುತ್ತೆ, ಗ್ರಹಿಸೋ ವೇಗ, ಗಮನ, ಆಗಷ್ಟೇ ಕೇಳಿದ್ದನ್ನ ತಲೆಯಲ್ಲಿ ಹಿಡ್ಕೊಳ್ಳೋದು ಎಲ್ಲ ಕಮ್ಮಿ ಆಗ್ಬಹುದು. ಕಲಿತಿದ್ದು ಅಳಿಸಿಹೋಗಿದೆ ಅಂತಲ್ಲ, ಹೊಸದು ಕಲಿಯೋದು ನಿಧಾನ, ಜೊತೆಯವರು ಮುಂದೆ ಹೋಗ್ತಾ ಹೋಗ್ತಾ ಅಂತರ ಎದ್ದು ಕಾಣುತ್ತೆ. ಅದಕ್ಕೇ ಮೂರನೇ ಕ್ಲಾಸಲ್ಲಿ ಕಾಣದ್ದು ಈಗ ಕಾಣ್ತಿದೆ. (ರೇಡಿಯೇಷನ್ ಇಲ್ದೆ ಬರೀ ಸರ್ಜರಿ ಆದ ಮಕ್ಕಳಲ್ಲೂ ಕೆಲವರಿಗೆ ಗಮನ, ಮಾತಿನ ತೊಂದರೆ ಉಳಿಯುತ್ತೆ, ಕಿರುಮೆದುಳಿಗೆ ಬ್ಯಾಲೆನ್ಸ್ ಒಂದೇ ಕೆಲಸ ಅಲ್ಲ.)

ಸುಸ್ತನ್ನ ಬೈದು ಓಡಿಸೋಕಾಗಲ್ಲ, ಮೊದ್ಲು ಹಾರ್ಮೋನ್ ಡಾಕ್ಟರ್ ಹತ್ರ ಹೋಗಿ ಅಂದೆ. ರೇಡಿಯೇಷನ್ ಆಗಿ ವರ್ಷಗಳಾದ್ಮೇಲೂ ಥೈರಾಯ್ಡ್, ಗ್ರೋತ್ ಹಾರ್ಮೋನ್, ಕೆಲವೊಮ್ಮೆ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಕಮ್ಮಿ ಆಗಿ ಸುಸ್ತಾಗ್ಬಹುದು. ಕಿವಿ ಟೆಸ್ಟೂ ಮಾಡಿಸಿ, ಕೀಮೋದಲ್ಲಿ ಸಿಸ್‌ಪ್ಲಾಟಿನ್ ಅನ್ನೋ ಔಷಧಿ ಕೊಟ್ಟಿದ್ರೆ ಸ, ಶ ಥರದ ಹೈ-ಪಿಚ್ ದನಿಯ ಅಕ್ಷರಗಳು ಕೇಳಿಸದೇ ಇರ್ಬಹುದು, ಗದ್ದಲದಲ್ಲಂತೂ ಇನ್ನೂ ಕಷ್ಟ. ಆಮೇಲೆ ನ್ಯೂರೋಸೈಕಾಲಜಿ ಅಸೆಸ್‌ಮೆಂಟ್ (ಗಮನ, ನೆನಪು, ಗ್ರಹಿಸೋ ವೇಗ ಅಳೆಯೋ ಪರೀಕ್ಷೆ), ಆ ರಿಪೋರ್ಟ್ ಇಟ್ಕೊಂಡು ಕಾಲೇಜಲ್ಲಿ ಪರೀಕ್ಷೆಗೆ ಹೆಚ್ಚು ಟೈಮ್, ರೆಡಿ ನೋಟ್ಸ್ ಕೇಳ್ಬೇಕು. ಕೇಳೋಕೆ ಸಂಕೋಚ ಬೇಡ.

ಮನೇಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಉತ್ತರಕ್ಕೆ ಕಾಯಿರಿ, ನೀವು ತುಂಬಿಸ್ಬೇಡಿ. ಗುಂಪಿಗೆ ತಳ್ಳೋ ಬದ್ಲು ಅವನಿಗೆ ಇಷ್ಟ ಇರೋ ಒಬ್ಬನ ಜೊತೆ ಸಮಯ ಕಳೆಯೋ ಹಾಗೆ ಮಾಡಿ.

"ಮುಂಚಿನ ಹಾಗೆ ಆಗ್ತಾನಾ ಮೇಡಂ?" ವೇಗ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲಮ್ಮ, ಆದ್ರೆ ಸುಸ್ತಿಗೆ ಹಾರ್ಮೋನ್ ಕಮ್ಮಿ ಇರೋದು ಕಾರಣ ಆಗಿದ್ರೆ ಔಷಧಿ ಇದೆ, ಟೈಮ್ ಸಿಕ್ಕಿದ್ರೆ ಅವನು ಬರೀತಾನೆ ಅಂದೆ. ಮುಂದಿನ ಸಲ ಡಾಕ್ಟರ್ ಹತ್ರ ಅವನೇ ಮಾತಾಡ್ಲಿ, ಪ್ರಶ್ನೆಗಳನ್ನ ಮೊಬೈಲಲ್ಲಿ ಬರ್ಕೊಂಡು ಹೋಗ್ಲಿ ಅಂತ ಇಬ್ರಿಗೂ ಹೇಳಿ ಕಳಿಸ್ದೆ.