ಬಿಡುಗಡೆ ಆಯ್ತು, ಊಟಕ್ಕೇನು?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ನಡುವೆಯೇ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಹೊಟ್ಟೆಪಾಡಿಗೆ ಏನು ಮಾಡಿದರು? ಬರೀ ದಾನವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಾನವೂ ಇತ್ತು ಸಾರ್. 1862ರಲ್ಲಿ ವಾಷಿಂಗ್ಟನ್‌ನಲ್ಲಿ ಇದಕ್ಕೆಂದೇ ಸಂಘ ಕಟ್ಟಿದ ಎಲಿಜಬೆತ್ ಕೆಕ್ಲಿ ತಾವೇ ಗುಲಾಮರಾಗಿದ್ದವರು, ಸಾಲ ಮಾಡಿ ಬಿಡುಗಡೆ ಕೊಂಡು ಹೊಲಿಗೆ ಮಾಡಿ ತೀರಿಸಿದವರು. ಆದರೆ ನನಗೆ ಜಾಸ್ತಿ ಇಷ್ಟ, ತಾವೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೇರೆಯವರನ್ನೂ ಪಾರು ಮಾಡಿದ ಹ್ಯಾರಿಯೆಟ್ ಟಬ್‌ಮನ್ ಮಾಡಿದ ಕೆಲಸ. ದಕ್ಷಿಣ ಕೆರೊಲಿನಾದಲ್ಲಿ ಸರ್ಕಾರದಿಂದ ಬಂದ 200 ಡಾಲರ್ ಹಾಕಿ ಬಟ್ಟೆ ಒಗೆಯೋಕೆ ಒಂದು ಮನೆ ಕಟ್ಟಿಸಿದರು, ಸೈನಿಕರ ಬಟ್ಟೆ ಒಗೆದು ಹೆಂಗಸರು ನಾಲ್ಕು ಕಾಸು ನೋಡಲಿ ಅಂತ. ತಮಗೆ ಸಿಗುತ್ತಿದ್ದ ಪುಕ್ಕಟೆ ರೇಷನ್ನೂ ಬೇಡ ಅಂದುಬಿಟ್ಟರು. ನಿಮ್ಮೂರಲ್ಲಿ ಸಂಜೆ ಮಿರ್ಚಿ-ಮಂಡಕ್ಕಿ ಮಾರಿ ಮನೆ ನಡೆಸುವ ಅಕ್ಕಂದಿರು ಇದ್ದಾರಲ್ವಾ, ಹಾಗೆ ಟಬ್‌ಮನ್ ಹಗಲೆಲ್ಲ ಆಸ್ಪತ್ರೆಯಲ್ಲಿ ದುಡಿದು, ರಾತ್ರಿ ಪೈ (ಹಿಟ್ಟಿನೊಳಗೆ ಹೂರಣ ಇಟ್ಟು ಬೇಯಿಸುವ ತಿನಿಸು) ಬೇಯಿಸಿ, ಮಾರಿಸಿ ತಮ್ಮ ಖರ್ಚು ತೂಗಿಸಿದರು.