ಕಟ್ಟಿದ ವರ್ಷದ ದುಡ್ಡು ಬೇರೆ, ಹೆಸರಿನ ಬೆಲೆ ಬೇರೆ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಯೂನಿಟ್. ಇಷ್ಟು ದಿನ ಬೇರೆಯವರ ಲೇಬಲ್‌ಗೆ ಹೊಲಿದು ಕೊಟ್ಟೆವು, ಈಗ ಸ್ವಂತ ಹೆಸರಲ್ಲಿ ಆನ್‌ಲೈನ್ ಮಾರೋಣ ಅಂತ ಇದ್ದೀವಿ. ಬೇಕಾದ ಡಾಟ್ ಕಾಮ್ ಹೆಸರು ಒಬ್ಬರ ಹತ್ತಿರ ಇದೆ, 75,000 ರೂಪಾಯಿ ಕೇಳುತ್ತಾರೆ. ಅಂಥದೇ ಹೆಸರು 40,000ಕ್ಕೆ ಹೋಗಿದ್ದನ್ನು ತೋರಿಸಿದರೆ, ಅದರ ಅವಧಿ ಮುಗಿಯುತ್ತಾ ಬಂದಿತ್ತು, ನಂದಕ್ಕೆ ಇನ್ನೂ ಎಂಟು ವರ್ಷದ ರಿನ್ಯೂವಲ್ (ಹೆಸರು ಉಳಿಸಿಕೊಳ್ಳುವ ವರ್ಷದ ಶುಲ್ಕ) ಕಟ್ಟಿದೆ ಅಂತಾರೆ. ಒಪ್ಪಬಹುದಾ?

ಉತ್ತರ: ಅವರ ಮಾತು ಅರ್ಧ ಸರಿ. ಲೆಕ್ಕ ಮಾತ್ರ ಸರಿ ಇಲ್ಲ.

ಗಂಗಾವತಿ ಕಡೆ ಯಾರಾದರೂ ಬೆಳೆ ನಿಂತ ಗದ್ದೆಯನ್ನು ಬೆಳೆ ಸಮೇತ ಮಾರಿದರು ಅಂದುಕೊಳ್ಳಿ. ಊರಲ್ಲಿ ಎಕರೆಗೆ ಇಷ್ಟಂತೆ ಅನ್ನೋ ಮಾತಷ್ಟೇ ಓಡಾಡುತ್ತದೆ, ಅದರಲ್ಲಿ ನೆಲದ್ದೆಷ್ಟು ಭತ್ತದ್ದೆಷ್ಟು ಅಂತ ಯಾರೂ ಬಿಡಿಸಿ ಹೇಳಲ್ಲ, ಅಲ್ವಾ? ಡೊಮೇನ್ (ಅಂದರೆ ವೆಬ್‌ಸೈಟ್ ಹೆಸರು) ಮಾರಾಟದ ಪಟ್ಟಿಯಲ್ಲೂ ಹಾಗೇ. ಒಟ್ಟು ಮೊತ್ತ ಕಾಣುತ್ತದೆ, ಎಷ್ಟು ವರ್ಷದ ಶುಲ್ಕ ಕಟ್ಟಿತ್ತು ಅನ್ನೋದು ಸಾಮಾನ್ಯವಾಗಿ ಕಾಣಲ್ಲ. ಅವಧಿ ಮುಗಿದ ಹೆಸರುಗಳ ಹರಾಜಲ್ಲಿ ಕೆಲವು ಕಡೆ ಒಂದು ವರ್ಷದ ರಿನ್ಯೂವಲ್ ಬಿಡ್ ಮೊತ್ತದ ಮೇಲೆ ಬೀಳುತ್ತದೆ, ಕೆಲವು ಕಡೆ ಒಳಗೇ ಸೇರಿರುತ್ತದೆ.

ಈಗ ನಿಮ್ಮ ಲೆಕ್ಕ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇಟ್ಟು ನಡೆಸುವ ರಿಜಿಸ್ಟ್ರಿ ವೆರಿಸೈನ್, ನಮಗೆ ಹೆಸರು ಮಾರುವ ಕಂಪನಿಗಳಾದ ರಿಜಿಸ್ಟ್ರಾರ್‌ಗಳಿಂದ ತಗೊಳ್ಳುವ ದರ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು. ರಿಜಿಸ್ಟ್ರಾರ್ ಅದರ ಮೇಲೆ ತನ್ನ ಲಾಭ, ಜಿಎಸ್‌ಟಿ ಸೇರಿಸುತ್ತಾನೆ. ನಿಮಗೆ ವರ್ಷಕ್ಕೆ 1,200 ಬೀಳುತ್ತದೆ ಅಂತ ಇಟ್ಟುಕೊಂಡರೂ ಎಂಟು ವರ್ಷಕ್ಕೆ 9,600. ಅವರು ಜಾಸ್ತಿ ಕೇಳುತ್ತಿರೋದು 35,000. ಉಳಿದ 25,400 ಹೆಸರಿಗೇ ಕೇಳುತ್ತಿದ್ದಾರೆ. ಕೇಳಲಿ, ತಪ್ಪಿಲ್ಲ. ಅದಕ್ಕೆ ರಿನ್ಯೂವಲ್ ಅಂತ ಹೆಸರಿಡೋದು ಬೇಡ. ನಾನಾಗಿದ್ದರೆ ಆ 9,600 ಕೂಡ ಪೂರ್ತಿ ಕೊಡುತ್ತಿರಲಿಲ್ಲ. ಏಳೆಂಟು ವರ್ಷ ಆದಮೇಲೆ ಕಟ್ಟಬೇಕಾದ ದುಡ್ಡನ್ನು ಇವತ್ತೇ ಕೊಡೋದು ಯಾಕೆ, ಅದು ನಿಮ್ಮ ಕೈಯಲ್ಲಿದ್ದರೆ ಬಟ್ಟೆ, ನೂಲು, ಜಿಪ್ಪಿಗೆ ಆಗುತ್ತದೆ.

ಒಂದು ಮಾತು ನಿಜ, ಕಟ್ಟಿದ ವರ್ಷಗಳು ಹೆಸರಿನ ಜೊತೆಗೇ ಬರುತ್ತವೆ. ರಿಜಿಸ್ಟ್ರಾರ್ ಬದಲಿಸಿದರೂ ಹೋಗಲ್ಲ, ಟ್ರಾನ್ಸ್‌ಫರ್ ಆದಾಗ ಇನ್ನೊಂದು ವರ್ಷ ಸೇರುತ್ತದೆ, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಬಾಯಿಮಾತು ನಂಬಬೇಡಿ. ಡೊಮೇನ್ ಹೆಸರುಗಳ ಜಾಗತಿಕ ಸಂಸ್ಥೆ ಐಕ್ಯಾನ್ ನಡೆಸುವ ಹುಡುಕಾಟದ ಪುಟ ಐಕ್ಯಾನ್ ಲುಕಪ್‌ನಲ್ಲಿ ಹೆಸರು ಹಾಕಿ, ಅವಧಿ ಮುಗಿಯುವ ದಿನಾಂಕ ನೀವೇ ನೋಡಿ. ರಿಜಿಸ್ಟ್ರಿಯ ದಿನಾಂಕ, ರಿಜಿಸ್ಟ್ರಾರ್ ದಿನಾಂಕ ಎರಡೂ ತಾಳೆಯಾಗಬೇಕು. ಯಾಕಂದರೆ ಅವಧಿ ಮುಗಿದ ಡಾಟ್ ಕಾಮ್ ಹೆಸರನ್ನು ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದಕ್ಕೆ ಹಾಕುತ್ತದೆ, ಮಾಲೀಕ ದುಡ್ಡು ಕಟ್ಟದಿದ್ದರೆ 45 ದಿನದೊಳಗೆ ರಿಜಿಸ್ಟ್ರಾರ್ ಆ ಹೆಸರನ್ನು ಅಳಿಸಿ ತಾನು ಕಟ್ಟಿದ್ದನ್ನು ವಾಪಸ್ ಪಡೆಯಬಹುದು. ಅಷ್ಟರಲ್ಲಿ ನೋಡಿದವರಿಗೆ ಒಂದು ವರ್ಷ ಕಟ್ಟಿದ ಹಾಗೇ ಕಾಣುತ್ತದೆ.

ನಿಮ್ಮದು ಡಾಟ್ ಕಾಮ್ ಆದ್ದರಿಂದ ಇಷ್ಟಕ್ಕೇ ಮುಗಿಯಿತು. ಡಾಟ್ ಕಾಮ್ ಥರ ಹೆಸರಿನ ಕೊನೆಗೆ ಬರುವ ಕೆಲವು ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ ಪ್ರೀಮಿಯಂ ಹೆಸರುಗಳಿಗೆ ವರ್ಷವರ್ಷವೂ ದೊಡ್ಡ ಮೊತ್ತ ಕಟ್ಟಬೇಕು, ಅಲ್ಲಿ ಆಟವೇ ಬೇರೆ. ವರ್ಷಕ್ಕೆ 40,000 ಅನ್ನಿ. ಮಾರುವವರು ಐದು ವರ್ಷದ್ದು ಕಟ್ಟಿಟ್ಟು 2,50,000ಕ್ಕೆ ಕೊಟ್ಟರೆ ಪಟ್ಟಿಯಲ್ಲಿ ಬರುವುದು 2,50,000. ಹೆಸರಿಗೆ ಸಿಕ್ಕಿದ್ದು ಬರೀ 50,000. ಅಂಥದೇ ಇನ್ನೊಂದು ಹೆಸರು, ಮುಂದಿನ ತಿಂಗಳೇ ರಿನ್ಯೂವಲ್ ಇರೋದು, 30,000ಕ್ಕೆ ಹೋದರೆ ಅಯ್ಯೋ ಎಷ್ಟು ಅಗ್ಗ ಅನಿಸುತ್ತದೆ, ಆದರೆ ತಗೊಂಡವರು ತಿಂಗಳೊಳಗೆ ಮತ್ತೆ 40,000 ತೆರಬೇಕು. ಇಂಥ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬೆಲೆ ಕಟ್ಟಿದರೆ ಮೋಸ ಹೋಗುವುದು ನಿಮ್ಮಂಥ ಹೊಸಬರೇ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಮಾರಾಟ ಆಯಿತು, ಅಂಥ ಕಡೆ ಹತ್ತು ವರ್ಷದ ಶುಲ್ಕ ಲೆಕ್ಕಕ್ಕೇ ಬರಲ್ಲ. ಸಾವಿರಗಳ ವ್ಯಾಪಾರದಲ್ಲಿ ಬರುತ್ತದೆ.

ಪ್ರಶ್ನೆ: ಕೊಪ್ಪಳದಿಂದ ಬರೆಯುತ್ತಿದ್ದೇನೆ. ಕಿನ್ನಾಳ ಗೊಂಬೆ ಮಾರಲು ಒಂದು ಹೆಸರು ತಗೊಂಡಿದ್ದೆ, ಈಗ ಬೇಡ. ಹತ್ತು ವರ್ಷಕ್ಕೆ ಕಟ್ಟಿ ಮಾರಿದರೆ ಬೆಲೆ ಜಾಸ್ತಿ ಬರುತ್ತಾ?

ಉತ್ತರ: ಕಟ್ಟಬೇಡಿ. ಕಟ್ಟಿದ್ದು ಕೂಡ ಪೂರ್ತಿ ವಾಪಸ್ ಬರೋದು ಕಷ್ಟ. ಮಾರಾಟ ಕುದುರುವ ಮುಂಚೆ ಅವಧಿ ಮುಗಿಯದ ಹಾಗೆ ನೋಡಿಕೊಳ್ಳಿ, ಅದಕ್ಕೆ ಒಂದು ವರ್ಷ ಸಾಕು.