ಗಂಜ್‌ನ ಅಡತಿ, ಆಕ್ಲೆಂಡ್‌ನ ಬೋರ್ಡು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕಲಬುರಗಿಯಿಂದ ಆಕ್ಲೆಂಡ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸ ಸಿಕ್ಕಿಲ್ಲ. 2022ರಲ್ಲಿ ಶೇ. 7.3 ಇದ್ದ ಬೆಲೆ ಏರಿಕೆ ಆಮೇಲೆ ಇಳಿಯಿತು, 2024ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡ್‌ನ ರಿಸರ್ವ್ ಬ್ಯಾಂಕ್ ಬಡ್ಡಿಯನ್ನೂ ಇಳಿಸಲು ಶುರು ಮಾಡಿತು. ಆದರೂ ಎಲ್ಲಿ ಹೋದರೂ 'ಸ್ವಲ್ಪ ಕಾಯಿರಿ' ಅಂತಾರಲ್ಲ, ಯಾಕೆ ಅಂತ ಕೇಳಿದ್ದೀಯ. ನಿನ್ನಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳಬೇಡ.

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ನಮ್ಮ ಮಾವನ ಅಡತಿ (ದಲ್ಲಾಳಿ) ಅಂಗಡಿ ಇತ್ತು. ಡಿಸೆಂಬರ್, ಜನವರಿಯಲ್ಲಿ ತೊಗರಿ ಬರಲು ಶುರುವಾದರೆ ಮಾವ ಚೀಲಕ್ಕೆ ಕೈ ಹಾಕಿ ಒಂದು ಕಾಳು ಹಲ್ಲಲ್ಲಿ ಕಡಿಯುತ್ತಿದ್ದರು. ಕಟಕ್ ಅಂದರೆ ಒಣಗಿದೆ, ಮೆತ್ತಗಿದ್ದರೆ ಹಸಿ. ಈ ವರ್ಷ ವ್ಯಾಪಾರ ಹೇಗೆ ಅಂತ ಯಾರಾದರೂ ಕೇಳಿದರೆ ಆ ಕಾಳು, ಬಾಗಿಲಲ್ಲಿ ನಿಂತ ಲಾರಿಗಳು, ಇಷ್ಟರಿಂದಲೇ ಉತ್ತರ ಹೇಳುತ್ತಿದ್ದರು. ದೇಶದ ಹಣದುಬ್ಬರ ಎಷ್ಟು ಅಂತ ಅವರಿಗೆ ಗೊತ್ತಿರಲಿಲ್ಲ. ಆದರೆ ಬರ್ಮಾದಿಂದಲೋ ಆಫ್ರಿಕಾದಿಂದಲೋ ತೊಗರಿ ಹಡಗು ಹೊರಟಿದ್ದು ಮಾತ್ರ ಎಲ್ಲರಿಗಿಂತ ಮೊದಲು ಗೊತ್ತು. ಅದು ಅವರ ದರಕ್ಕೇ ಹೊಡೆಯುತ್ತಿತ್ತು, ಅಲ್ವಾ?

ಇಲ್ಲಿನ ಮಾಲೀಕರೂ ಖರೆ ಹೇಳಬೇಕೆಂದರೆ ಹಾಗೇ, ದೇಶದ ಅಂಕಿಗಿಂತ ಕಣ್ಣೆದುರಿನ ವ್ಯಾಪಾರವನ್ನೇ ನೋಡುತ್ತಾರೆ. ಹಣದುಬ್ಬರಕ್ಕೆ ಇಷ್ಟೇ ಇರಬೇಕು ಅಂತ ಗುರಿ ಹಾಕಿಕೊಂಡ ಮೊದಲ ದೇಶ ನ್ಯೂಜಿಲೆಂಡ್. ಅಂಥ ದೇಶದಲ್ಲೇ ಕಾಯ್ಬಿಯನ್, ಗೊರೊಡ್ನಿಚೆಂಕೊ, ಕುಮಾರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಕಂಪನಿಗಳ ಮ್ಯಾನೇಜರುಗಳನ್ನು ವಿಚಾರಿಸಿ 2018ರಲ್ಲಿ ಬರೆದರು. ಬೆಲೆ ಏರಿಕೆ ಎಷ್ಟಿದೆ ಅಂದರೆ ಬಹಳ ಜನ ನಿಜಕ್ಕಿಂತ ಎಷ್ಟೋ ಜಾಸ್ತಿ ಹೇಳಿದ್ದರು. ಅಂಗಡಿಯಲ್ಲಿ ತಾವು ಕೊಟ್ಟ ರೇಟು ನೋಡಿಯೇ ಅಂದಾಜು ಮಾಡಿದವರೂ ಇದ್ದರು. ಪೈಪೋಟಿ ಜಾಸ್ತಿ ಇದ್ದವರಿಗೆ ಲೆಕ್ಕ ಹೆಚ್ಚು ಸರಿಯಾಗಿ ಗೊತ್ತಿತ್ತು. ಸರಿಯಾದ ಅಂಕಿ ತೋರಿಸಿದ ಮೇಲೆ ಉಳಿದವರೂ ತಮ್ಮ ಅಂದಾಜು ಬದಲಿಸಿದರು.

ನಾನು ಆಕ್ಲೆಂಡ್‌ನ ಪೆನ್‌ರೋಸ್‌ನಲ್ಲಿ ಅಡುಗೆಮನೆಯ ಕಪಾಟು ಮಾಡುವ ವರ್ಕ್‌ಶಾಪ್‌ನಲ್ಲಿ ಲೆಕ್ಕ ನೋಡುತ್ತೇನೆ. ಗೋಡೆಯ ಮೇಲೆ ಬಿಳಿ ಬೋರ್ಡಿದೆ, ಮುಂದಿನ ವಾರಗಳ ಕೆಲಸ ಅದರಲ್ಲಿ ಬರೆದಿರುತ್ತದೆ. ಕಾಲ ಛಲೋ ಇದ್ದಾಗ ಆರು ವಾರ ತುಂಬಿರುತ್ತಿತ್ತು. ಈಗ ಎರಡನೇ ವಾರ ದಾಟಿದರೆ ಖಾಲಿ. ಬಡ್ಡಿ ಇಳಿದ ಬುಧವಾರ ನಾನು ಆ ಸುದ್ದಿ ಹೇಳಿದೆ. ನಮ್ಮ ಮಾಲೀಕರು ಬೋರ್ಡಿನ ಕಡೆ ತಿರುಗಿ ನೋಡಿದರು, ಮಾತಾಡಲಿಲ್ಲ. ಅವರದು ತಪ್ಪು ಅನ್ನಲಾರೆ. ಇಲ್ಲಿ ಮನೆ ಸಾಲದ ಬಡ್ಡಿಯನ್ನು ಜನ ವರ್ಷ, ಎರಡು ವರ್ಷಕ್ಕೆ ಕಟ್ಟಿಹಾಕಿರುತ್ತಾರೆ. ಆ ಅವಧಿ ಮುಗಿಯುವವರೆಗೆ ಕಂತು ಇಳಿಯುವುದಿಲ್ಲ. ಕಂತು ಇಳಿಯದೆ ಯಾರು ಅಡುಗೆಮನೆ ಹೊಸದು ಮಾಡಿಸುತ್ತಾರೆ?

ಅದಕ್ಕೇ ಸುಮ್ನೆ ಸುದ್ದಿ ನೋಡುತ್ತಾ ಕೂರಬೇಡ. ಇಂಟರ್‌ವ್ಯೂಗೆ ಹೋದಾಗ 'ಮುಂದಿನ ಮೂರು ತಿಂಗಳಿಗೆ ಎಷ್ಟು ಆರ್ಡರ್ ಇದೆ?' ಅಂತ ನೇರವಾಗಿ ಕೇಳು. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ನಿನ್ನ ಬಯೋಡೇಟಾ ನನಗೂ ಕಳಿಸಿಡು. ಬೋರ್ಡಿನಲ್ಲಿ ನಾಲ್ಕನೇ ವಾರ ತುಂಬಿದ ದಿನವೇ ಮಾಲೀಕರ ಟೇಬಲ್ ಮೇಲೆ ಇಡುತ್ತೇನೆ.